ಕಡಲು ದಾಟಿ ಬಂದ ಟೇಲರ್ ಸಾಹೇಬ

ದಸರೆ, ದೀಪಾವಳಿ ಹತ್ತಿರವಾದವೆಂದರೆ ಕುಷಾಯಿಗೂಡದ ನಮ್ಮ ಕನ್ನಡ ಮನೆಗಳಲ್ಲಿ ಊರಿನ ಮಾತೇ ಮಾತು. ರೈಲಿಗೆ ಜಾಗ ಸಿಕ್ಕಿತೇ, ಯಜಮಾನರಿಗೆ ರಜೆ ಎಷ್ಟು ದಿನ, ಮಕ್ಕಳ ಪರೀಕ್ಷೆ ಮುಗಿಯುವುದು ಎಂದು, ಎಂಬ ಲೆಕ್ಕಾಚಾರದಲ್ಲಿಯೇ ವಾರ ಕಳೆಯುತ್ತದೆ. ರಾಯಚೂರು, ಯಾದಗಿರಿ, ಕಲಬುರ್ಗಿಯವರಿಗೆ ಅರ್ಧ ಹಗಲಿನ ದಾರಿ. ಧಾರವಾಡ, ಬೆಂಗಳೂರಿನವರಿಗೆ ಒಂದು ರಾತ್ರಿಯ ದಾರಿ. ಅಷ್ಟಕ್ಕೇ ನಾವು, ಅಯ್ಯೋ, ಊರು ಎಷ್ಟು ದೂರವಾಯಿತು ಎಂದು ನಿಟ್ಟುಸಿರುಬಿಡುತ್ತೇವೆ. ಹಾಗೆ ನಿಟ್ಟುಸಿರುಬಿಡುವಾಗ ಒಮ್ಮೆ ನೆನೆಯಬೇಕಾದ ಒಬ್ಬ ಮನುಷ್ಯನಿದ್ದಾನೆ. ಅವನು ಕನ್ನಡಿಗನಲ್ಲ, ಭಾರತೀಯನೂ ಅಲ್ಲ. ಆದರೆ ಅವನ ಬಾಳಿನ ಬಹುಭಾಗ ಸವೆದದ್ದು ನಮ್ಮ ಈ ಹೈದರಾಬಾದಿನ ಸುತ್ತಲೂ ನಮ್ಮ ಸುರಪುರದ ಗುಡ್ಡಗಳ ನಡುವೆಯೂ. ಅವನೇ ಫಿಲಿಪ್ ಮೆಡೋಸ್ ಟೇಲರ್. ಹಳೆಯ ನಿಜಾಮ ಸೀಮೆಯ ಕನ್ನಡಿಗರ ಬಾಯಲ್ಲಿ ಟೇಲರ್ ಸಾಹೇಬ.

ಟೇಲರನು ಹುಟ್ಟಿದ್ದು 1808ನೆಯ ಇಸವಿ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪಟ್ಟಣದಲ್ಲಿ. ತಂದೆ ವ್ಯಾಪಾರಸ್ಥನು. ಮನೆಯ ವ್ಯಾಪಾರ ಕುಸಿದುದರಿಂದ ಹುಡುಗನ ಓದು ಅರ್ಧಕ್ಕೇ ನಿಂತಿತು. ಆ ಕಾಲದಲ್ಲಿ ಕೈ ಬರಿದಾದ ಇಂಗ್ಲಿಷ್ ಕುಟುಂಬಗಳಿಗೆ ತೋರುತ್ತಿದ್ದ ದಾರಿ ಹಿಂದೂಸ್ಥಾನದ ದಾರಿ. ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕನ ಬಳಿ ಗುಮಾಸ್ತೆಯ ಕೆಲಸವಿದೆ, ಮುಂದೆ ಪಾಲುದಾರನಾಗಲೂಬಹುದು ಎಂಬ ಆಸೆಯ ಮೇಲೆ 1824ರಲ್ಲಿ ಅವನನ್ನು ಹಡಗು ಹತ್ತಿಸಿದರು. ಆಗ ಅವನಿಗೆ ಹದಿನಾರು ತುಂಬಿರಲಿಲ್ಲ.

ಹಡಗು ಹತ್ತಿಸಿದರು ಎಂದು ಒಂದು ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆ ಯಾನವೆಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಸುಯೆಜ್ ಕಾಲುವೆ ಇರಲಿಲ್ಲ. ಇಂಗ್ಲೆಂಡಿನಿಂದ ಹೊರಟ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ತೆಂಕಣಕ್ಕೆ ಇಳಿದು, ಆಫ್ರಿಕಾ ಖಂಡದ ತುದಿಯಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ, ಮತ್ತೆ ಬಡಗಣಕ್ಕೆ ಏರಿ ಮುಂಬಯಿಯನ್ನೋ ಮದರಾಸನ್ನೋ ಕಲ್ಕತ್ತೆಯನ್ನೋ ಮುಟ್ಟಬೇಕು. ಹೆಚ್ಚು ಕಡಿಮೆ 11 ಸಾವಿರ ಸಮುದ್ರ ಮೈಲಿಗಳ ದಾರಿ. ಹಡಗಿಗೆ ಯಂತ್ರವಿಲ್ಲ, ಹಾಯಿ ಮತ್ತು ಗಾಳಿಯೇ ಅದರ ಎತ್ತು ಕುದುರೆ. ಗಾಳಿ ಒಲಿದರೆ ನಾಲ್ಕು ತಿಂಗಳು, ಸಾಧಾರಣವಾಗಿ ಐದು, ಮುನಿದರೆ ಆರು. ಭೂಮಧ್ಯರೇಖೆಯ ಬಳಿ ಗಾಳಿ ಸತ್ತುಹೋದರೆ ಕನ್ನಡಿಯಂತಹ ನೀರಿನ ಮೇಲೆ ಹಡಗು ದಿನಗಟ್ಟಲೆ ನಿಂತೇ ಇರುತ್ತಿತ್ತು. ಅರಬ್ಬೀ ಸಮುದ್ರದಲ್ಲಿ ಮುಂಗಾರು ಹಿಂಗಾರುಗಳ ದಿಕ್ಕು ನೋಡಿಯೇ ಹೊರಡುವ ದಿನವನ್ನು ಗೊತ್ತುಮಾಡಬೇಕು. ನಮ್ಮ ರೈತನು ಮಳೆಯ ನಕ್ಷತ್ರ ನೋಡಿ ಬಿತ್ತನೆಗೆ ಇಳಿಯುವಂತೆ, ನಾವಿಕನು ಗಾಳಿಯ ಋತು ನೋಡಿ ಲಂಗರು ಎತ್ತುತ್ತಿದ್ದನು.

ಕಾಸಿದ್ದ ಪ್ರಯಾಣಿಕನಿಗೆ ಒಂದು ಪುಟ್ಟ ಕೋಣೆಯಾದರೂ ಉಂಟು. ಸಾಮಾನ್ಯ ಸಿಪಾಯಿಯ ಪಾಡು ಬೇರೆ. ಹಡಗಿನ ಹೊಟ್ಟೆಯೊಳಗೆ, ತಗ್ಗಾದ ಛಾವಣಿಯ ಕೆಳಗೆ, ಒಬ್ಬನ ಮೈ ಇನ್ನೊಬ್ಬನಿಗೆ ತಗಲುವಂತೆ ಸಾಲಾಗಿ ತೂಗುಹಾಕಿದ ಬಟ್ಟೆಯ ಜೋಲಿಯಲ್ಲಿ ಅವನ ನಿದ್ರೆ. ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿಟ್ಟ ಮಾಂಸ, ಕಲ್ಲಿನಂತಹ ಬಿಸ್ಕತ್ತು, ತಿಂಗಳು ಕಳೆದಂತೆಲ್ಲ ಬಣ್ಣಗೆಡುವ ಕುಡಿಯುವ ನೀರು, ಇವು ಅವನ ಆಹಾರ. ಹಸಿ ತರಕಾರಿ ಹಣ್ಣುಗಳಿಲ್ಲದೆ ಒಸಡು ಬಾತು ರಕ್ತ ಸುರಿಯುವ ರೋಗ ಬಾರದಿರಲೆಂದು ನಿಂಬೆಯ ರಸವನ್ನು ಅಳತೆಯ ಮೇಲೆ ಹಂಚುತ್ತಿದ್ದರು. ಜ್ವರವೋ ಬೇಧಿಯೋ ಹೊಕ್ಕರೆ ಹೆಣಕ್ಕೆ ಗೋಣಿ ಸುತ್ತಿ, ಭಾರ ಕಟ್ಟಿ, ಪ್ರಾರ್ಥನೆ ಹೇಳಿ ಕಡಲಿಗೆ ಒಪ್ಪಿಸುವುದೇ ಸಂಸ್ಕಾರ. ಬೆಂಕಿಯ ಭಯ ಇನ್ನೊಂದು. ಟೇಲರನು ಬಂದ ಮರುವರ್ಷವೇ, 1825ರ ಮಾರ್ಚ್ 1ರಂದು, ಇಂಗ್ಲೆಂಡಿನಿಂದ 31ನೆಯ ಪಟಾಲಮ್ಮಿನ ಸಿಪಾಯಿಗಳನ್ನೂ ಅವರ ಹೆಂಡಿರು ಮಕ್ಕಳನ್ನೂ ಹೊತ್ತು ಬಂಗಾಲಕ್ಕೆ ಹೊರಟಿದ್ದ ಕೆಂಟ್ ಎಂಬ ದೊಡ್ಡ ಹಡಗು ಯೂರೋಪಿನ ಕರಾವಳಿಯನ್ನು ದಾಟುವ ಮುನ್ನವೇ ಉರಿದುಹೋಯಿತು. ಕೇಂಬ್ರಿಯಾ ಎಂಬ ಸಣ್ಣ ಹಡಗೊಂದು ದೈವವಶಾತ್ ಹತ್ತಿರವಿದ್ದುದರಿಂದ ಐನೂರಕ್ಕೂ ಹೆಚ್ಚು ಜನ ಬದುಕಿದರು. ಉಳಿದವರಿಗೆ ಆ ಅದೃಷ್ಟವಿರಲಿಲ್ಲ.

ಕಡಲೆಂದರೆ ಅಂಜಿಕೆ ನಮ್ಮ ಸಿಪಾಯಿಗಳಿಗೂ ಕಡಮೆಯಿರಲಿಲ್ಲ. ಅದಕ್ಕೆ ಜಾತಿ ಧರ್ಮದ ಕಟ್ಟೂ ಸೇರಿತ್ತು. ಹಡಗಿನಲ್ಲಿ ಮಡಿಯೆಲ್ಲಿ, ಒಲೆಯೆಲ್ಲಿ, ನೀರೆಲ್ಲಿ? ಟೇಲರನು ಮುಂಬಯಿಗೆ ಬಂದ 1824ರಲ್ಲಿಯೇ ಬರ್ಮಾ ಯುದ್ಧಕ್ಕೆ ಹೊರಡಬೇಕೆಂಬ ಆಜ್ಞೆಯಾದಾಗ ಬಂಗಾಲದ ಬ್ಯಾರಕ್‌ಪುರದ ಸಿಪಾಯಿಗಳು ತಿರುಗಿಬಿದ್ದರು. ಅವರ ಹಲವು ದೂರುಗಳ ಜೊತೆಗೆ ಕಡಲು ದಾಟಬೇಕಾದೀತೆಂಬ ಭಯವೂ ಇತ್ತು. 1856ರಲ್ಲಿ ಹೊಸದಾಗಿ ಸೇರುವ ಬಂಗಾಲದ ಸಿಪಾಯಿಗಳೆಲ್ಲ ಕರೆದಲ್ಲಿಗೆ ಕಡಲಾಚೆಗೂ ಬರಬೇಕೆಂಬ ಕಾಯಿದೆಯಾದಾಗ ಆ ಅಸಮಾಧಾನ ಮತ್ತೆ ಹೊಗೆಯಾಡಿತು. ಮರುವರ್ಷ ಏನಾಯಿತೆಂಬುದು ಎಲ್ಲರಿಗೂ ಗೊತ್ತು.

ಮುಂಬಯಿಯಲ್ಲಿ ಇಳಿದ ಟೇಲರನಿಗೆ ನಂಬಿ ಬಂದ ವರ್ತಕನ ಅಂಗಡಿಯೇ ದಿವಾಳಿಯ ಅಂಚಿನಲ್ಲಿರುವುದು ಕಂಡಿತು. ನಾವಾಗಿದ್ದರೆ ಮರುದಿನದ ರೈಲು ಹತ್ತಿ ತಾಯಿಯ ಬಳಿಗೆ ಹೋಗಿಬಿಡುತ್ತಿದ್ದೆವು. ಅವನಿಗೆ ಆ ದಾರಿ ಇರಲಿಲ್ಲ. ಹೀಗಾಯಿತೆಂದು ಮನೆಗೆ ಕಾಗದ ಬರೆದರೆ ಅದು ಮುಟ್ಟಲು ಐದು ತಿಂಗಳು, ಉತ್ತರ ಬರಲು ಮತ್ತೆ ಐದು ತಿಂಗಳು. ಕೇಳಿದ ಪ್ರಶ್ನೆಗೆ ಜವಾಬು ಸಿಗಬೇಕಾದರೆ ಒಂದು ವರ್ಷವೇ ಉರುಳುತ್ತಿತ್ತು. ಹದಿನಾರರ ಹುಡುಗನು ತನ್ನ ನಿರ್ಧಾರವನ್ನು ತಾನೇ ಮಾಡಬೇಕಾಯಿತು. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬನ ನೆರವಿನಿಂದ ಆ ವರ್ಷ ಮುಗಿಯುವುದರೊಳಗೆ ಅವನು ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಅಧಿಕಾರಿಯಾಗಿ ಸೇರಿದನು. ಕಂಪನಿಯ ಸೈನ್ಯದ ಪದವಿಗಳಿಗೆ ಇದ್ದ ಗೌರವ, ಬಡ್ತಿ ಇಲ್ಲಿರಲಿಲ್ಲ. ಆದರೂ ಹಿಡಿದ ಕೆಲಸವನ್ನು ಬಿಡಲಿಲ್ಲ.

ದೂರವು ಅವನಿಗೆ ಕಲಿಸಿದ ಮೊದಲ ಪಾಠ ಇದು: ಹಿಂದಿರುಗುವುದು ಕಷ್ಟವೆಂದಾದ ಮೇಲೆ ಇರುವ ನೆಲವನ್ನೇ ತನ್ನದಾಗಿಸಿಕೊಳ್ಳಬೇಕು. ಟೇಲರನು ಹಿಂದೂಸ್ಥಾನಿಯನ್ನೂ ಮರಾಠಿಯನ್ನೂ ಶ್ರದ್ಧೆಯಿಂದ ಕಲಿತನು. ಸರ್ವೆ, ಕಾನೂನು, ಭೂಗರ್ಭ, ಚಿತ್ರಕಲೆ, ಏನು ಎದುರಿಗೆ ಬಂದರೂ ಗುರುವಿಲ್ಲದೆ ತಾನೇ ಅಭ್ಯಾಸಮಾಡಿದನು. ಚಿಕ್ಕ ವಯಸ್ಸಿನಲ್ಲಿಯೇ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿ ಕುದುರೆಯ ಮೇಲೆ ಊರೂರು ತಿರುಗಿದನು. ಮತ್ತೆ ಸೈನ್ಯಕ್ಕೆ ಬಂದು ನಮ್ಮ ನೆರೆಯ ಬೊಲಾರಂ ದಂಡಿನಲ್ಲಿಯೂ ಕೆಲಸಮಾಡಿದನು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು. ಪಾಮರನ ತಾಯಿ ಮೊಗಲ ಮನೆತನಗಳ ಕಡೆಯ ಮುಸಲ್ಮಾನ ಬೇಗಂ. ಹೀಗೆ ಲಿವರ್‌ಪೂಲಿನ ಹುಡುಗನು ಹೈದರಾಬಾದಿನ ಅಳಿಯನಾದನು.

ತಾಯ್ನಾಡಿಗೆ ಹೋಗಿಬರಲು ಅವನಿಗೆ ರಜೆ ದೊರೆತದ್ದು ಬಂದ ಹತ್ತು ಹನ್ನೆರಡು ವರ್ಷಗಳೇ ಕಳೆದ ಮೇಲೆ. ಆ ವೇಳೆಗೆ ಕಡಲಿನ ದಾರಿಯಲ್ಲಿ ಒಂದು ದೊಡ್ಡ ಬದಲಾವಣೆ ಮೊದಲಾಗಿತ್ತು. 1830ರ ಮಾರ್ಚ್‌ನಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿಯೇ ಕಟ್ಟಿದ ಹ್ಯೂ ಲಿಂಡ್ಸೆ ಎಂಬ ಹೊಗೆಹಡಗು ಮುಂಬಯಿಯಿಂದ ಹೊರಟು, ದಾರಿಯಲ್ಲಿ ಕಲ್ಲಿದ್ದಲು ತುಂಬಿಕೊಳ್ಳುತ್ತ, ಕೆಂಪು ಸಮುದ್ರದ ತುದಿಯಾದ ಸುಯೆಜನ್ನು ತಿಂಗಳೊಂದರ ಮೇಲೆ ಕೆಲವೇ ದಿನಗಳಲ್ಲಿ ಮುಟ್ಟಿತು. ಅಲ್ಲಿ ಇಳಿದವರು ಒಂಟೆ, ಗಾಡಿಗಳ ಮೇಲೆ ಮರುಭೂಮಿಯನ್ನು ದಾಟಿ ಕೈರೋ ಸೇರಿ, ನೈಲ್ ನದಿಯ ದೋಣಿಯಲ್ಲಿ ಅಲೆಗ್ಸಾಂಡ್ರಿಯಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ಹಡಗು ಹಿಡಿಯಬೇಕು. ನಡುವೆ ನೆಲದ ಮೇಲೆ ಸಾಗಬೇಕಾದುದರಿಂದ ಇದಕ್ಕೆ ಭೂಮಾರ್ಗವೆಂದೇ ಹೆಸರಾಯಿತು. 1840ರ ದಶಕದಲ್ಲಿ ಹೊಗೆಹಡಗುಗಳ ಓಡಾಟ ಕ್ರಮಬದ್ಧವಾದ ಮೇಲೆ ಟಪಾಲೂ ಹಣವಂತ ಪ್ರಯಾಣಿಕರೂ ಆರೇಳು ವಾರಗಳಲ್ಲಿ ದಾಟತೊಡಗಿದರು. ಆದರೆ ಸಾವಿರ ಸಾವಿರ ಸಿಪಾಯಿಗಳನ್ನು ತೋಪು ಮದ್ದುಗುಂಡುಗಳ ಸಮೇತ ಮರುಭೂಮಿಯಲ್ಲಿ ಇಳಿಸಿ ಹತ್ತಿಸುವುದು ಸುಲಭವಾಗಿರಲಿಲ್ಲ. ಆದ್ದರಿಂದ ಕಾಗದ ಬೇಗ ಬಂದರೂ ಸೈನ್ಯಕ್ಕೆ ಮಾತ್ರ ಗುಡ್‌ಹೋಪಿನ ಆ ಹಳೆಯ ಸುತ್ತುದಾರಿಯೇ ಗತಿಯಾಗಿತ್ತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು.

ರಜೆಯಲ್ಲಿ ಲಂಡನ್ನಿನಲ್ಲಿದ್ದಾಗ ಟೇಲರನು ಹಿಂದೂಸ್ಥಾನದ ದಾರಿಗಳ್ಳರಾದ ಠಕ್ಕರ ಜೀವನವನ್ನು ಕುರಿತ ಕಾದಂಬರಿಯನ್ನು ಪ್ರಕಟಿಸಿದನು. 1839ರಲ್ಲಿ ಹೊರಬಂದ ಆ ಪುಸ್ತಕ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಮರುವರ್ಷ ಟೀಪು ಸುಲ್ತಾನನ ಕಥೆಯೂ ಬಂದಿತು. ಹೆಸರು ಬಂದ ಊರಿನಲ್ಲಿಯೇ ನಿಂತುಬಿಡಬಹುದಾಗಿತ್ತು. ಆದರೆ ಅವನು ಹಿಂದಿರುಗಿ ಬಂದನು. ಬಂದ ಸ್ವಲ್ಪ ಕಾಲದಲ್ಲಿಯೇ, 1841ರಲ್ಲಿ, ಅವನನ್ನು ಸುರಪುರಕ್ಕೆ ಕಳುಹಿಸಿದರು. ಅಲ್ಲಿಂದ ಮುಂದೆ ಟೇಲರನ ಕಥೆ ಕನ್ನಡನಾಡಿನ ಕಥೆಯಾಗುತ್ತದೆ.

ಕೃಷ್ಣಾ ಭೀಮಾ ನದಿಗಳ ನಡುವಿನ ಬಂಡೆಗುಡ್ಡಗಳಲ್ಲಿ ಮೊಗಲರ ಔರಂಗಜೇಬನಿಗೂ ತಲೆಬಾಗದೆ ಮೆರೆದ ಬೇಡ ನಾಯಕರ ಸಂಸ್ಥಾನವದು. ಸಾಲ, ಕಪ್ಪ, ಒಳಜಗಳಗಳಿಂದ ಆಗ ಕಂಗೆಟ್ಟಿತ್ತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡು ಮಗ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕನಾಗಿದ್ದನು. ರಾಣಿ ಈಶ್ವರಮ್ಮನ ಕೈಯಲ್ಲಿ ಅಧಿಕಾರವಿದ್ದಿತು. ಟೇಲರನು ಪೊಲಿಟಿಕಲ್ ಏಜಂಟನಾಗಿ ಒಳಗಿನ ಕಲಹವನ್ನು ತಣ್ಣಗಾಗಿಸಿ, ಲೆಕ್ಕಪತ್ರಗಳನ್ನು ಸರಿಪಡಿಸಿ, ರಸ್ತೆ ಕೆರೆಗಳನ್ನು ಮಾಡಿಸಿದನು. ಬೋನಾಳ ಕೆರೆಯ ಕೆಲಸಕ್ಕೆ ಅವನ ಹೆಸರು ಇಂದಿಗೂ ಅಂಟಿಕೊಂಡಿದೆ. ಜೇವರ್ಗಿ, ರಾಜನಕೋಳೂರುಗಳ ಸುತ್ತಿನ ಪುರಾತನ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಅವನು ಮೊದಲಿಗನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯೇ ಈಗಿನ ಟೇಲರ್ ಮಂಜಿಲ್. ಎಲ್ಲಕ್ಕಿಂತ ಮಿಗಿಲಾಗಿ ತಂದೆಯಿಲ್ಲದ ಬಾಲ ರಾಜನಿಗೆ ಅವನು ಓದುಬರಹ ಕಲಿಸುವ ಏರ್ಪಾಡುಮಾಡಿ ಮಗನಂತೆ ನೋಡಿಕೊಂಡನು. ರಾಜನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. 1853ರಲ್ಲಿ ವೆಂಕಟಪ್ಪ ನಾಯಕನು ಪ್ರಾಪ್ತ ವಯಸ್ಕನಾದಾಗ ರಾಜ್ಯವನ್ನು ಅವನಿಗೊಪ್ಪಿಸಿ, ಟೇಲರನು ನಳದುರ್ಗದ ಅಧಿಕಾರಿಯಾಗಿ ಹೋದನು.

ಮುಂದೆ ಬಂದುದು 1857. ಮೇ 10ರಂದು ಮೀರತ್ತಿನಲ್ಲಿ ಎದ್ದ ದಂಗೆಯ ಸುದ್ದಿ ಲಂಡನ್ನಿಗೆ ಮುಟ್ಟಲು ಏಳು ವಾರ ಹಿಡಿಯಿತು. ಆಮೇಲೆ ಹೊರಟ ಸೈನ್ಯದ ಬಹುಪಾಲು ಬಂದದ್ದು ಗುಡ್‌ಹೋಪ್ ಸುತ್ತಿಯೇ. ಆಗಸ್ಟ್‌ನಲ್ಲಿ ಇಂಗ್ಲೆಂಡ್ ಬಿಟ್ಟ ಸಾರಾ ಸ್ಯಾಂಡ್ಸ್ ಎಂಬ ಹೊಗೆಹಡಗು ನವೆಂಬರ್ ಮಧ್ಯದಲ್ಲಿ ಇನ್ನೂ ಹಿಂದೂ ಮಹಾಸಾಗರದ ನಡುವೆಯೇ ಇತ್ತು. ಅಲ್ಲಿ ಅದಕ್ಕೆ ಬೆಂಕಿ ತಗಲಿತು. 54ನೆಯ ಪಟಾಲಮ್ಮಿನವರು ಹಗಲಿರುಳು ಹೋರಾಡಿ ಬೆಂಕಿ ನಂದಿಸಿ, ಅರೆಸುಟ್ಟ ಹಡಗನ್ನು ಹೇಗೋ ಮಾರಿಷಸ್ ದ್ವೀಪಕ್ಕೆ ತಂದರು. ಅಷ್ಟರಲ್ಲಿ ದಿಲ್ಲಿಯಲ್ಲಿ ಯುದ್ಧ ಮುಗಿದೇಹೋಗಿತ್ತು. ಇಲ್ಲಿ ನಮ್ಮ ಹೈದರಾಬಾದಿನಲ್ಲಿ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ನಾಯಕತ್ವದಲ್ಲಿ ಜನರು ಕೋಠಿಯ ರೆಸಿಡೆನ್ಸಿಯ ಮೇಲೆ ಏರಿಹೋದರು. ಮುಂದೆ ಖಾನನು ಗುಂಡಿಗೆ ಬಲಿಯಾದನು. ಮೌಲ್ವಿಯನ್ನು ಹಡಗಿನಲ್ಲಿ ಅಂಡಮಾನಿಗೆ ಸಾಗಿಸಿದರು. ಆಳುವವರಿಗೆ ಕಡಲು ಬರುವ ದಾರಿಯಾಗಿದ್ದರೆ, ಆಳಿಸಿಕೊಳ್ಳುವವರಿಗೆ ಅದು ಹಿಂದಿರುಗದ ದಾರಿಯಾಗಿತ್ತು.

1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನೂ ಕತ್ತಿ ಎತ್ತಿದನು. ಆಗವನಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ. ಟೇಲರನು ನೂರಾರು ಮೈಲಿ ದೂರದ ವರ್ಹಾಡದ ಬುಲ್ಡಾಣದಲ್ಲಿದ್ದನು. ಇಂಗ್ಲೆಂಡಿನ ಹಡಗಿಗಾಗಿ ಇಲ್ಲಿ ಯಾರೂ ಕಾಯಬೇಕಾಗಿರಲಿಲ್ಲ. ಸಮೀಪದ ದಂಡುಗಳೇ ಸುರಪುರವನ್ನು ಮುತ್ತಿದವು. ಕ್ಯಾಪ್ಟನ್ ನ್ಯೂಬೆರಿ ಎಂಬ ಆಂಗ್ಲ ಅಧಿಕಾರಿ ಅಲ್ಲಿ ಮಡಿದನು. ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯಿತು. ರಾಜನು ಹೈದರಾಬಾದಿಗೆ ಬಂದು ಸೆರೆಸಿಕ್ಕಿದನು. ವಿಚಾರಣೆಯಾಗಿ ಮರಣದಂಡನೆ ವಿಧಿಸಲ್ಪಟ್ಟಿತು. ಅದನ್ನು ಇಳಿಸಿ ಜೀವಾವಧಿ ಕಡಲಾಚೆಯ ಗಡೀಪಾರು ಮಾಡಿದರು. ಕಡೆಗೆ ಗವರ್ನರ್ ಜನರಲನು ಅದನ್ನೂ ಇಳಿಸಿ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸವೆಂದು ಗೊತ್ತುಮಾಡಿದನು.

ಮತ್ತೆ ಸುರಪುರದ ಆಡಳಿತವನ್ನು ವಹಿಸಿಕೊಳ್ಳಲು ಬಂದ ಟೇಲರನು ಸಿಕಂದರಾಬಾದಿನ ಸೆರೆಯಲ್ಲಿ ವೆಂಕಟಪ್ಪ ನಾಯಕನನ್ನು ಕಂಡನು. ಇಂದು ನಾವು ತರಕಾರಿ ಬಟ್ಟೆ ಕೊಳ್ಳಲು ಹೋಗುವ ಸಿಕಂದರಾಬಾದು ಅದು. ಒಂದು ಕಡೆ ತಾನು ಎತ್ತಿ ಆಡಿಸಿದ ಹುಡುಗ. ಇನ್ನೊಂದು ಕಡೆ ತಾನು ಉಪ್ಪುಂಡ ಸರ್ಕಾರ. ಟೇಲರನು ಅಧಿಕಾರಿಯಾಗಿಯೇ ಉಳಿದನು. ಹಾಗೆ ಉಳಿದುದರ ನೋವನ್ನು ಅವನು ತನ್ನ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಚೆಂಗಲ್‌ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ 11ರಂದು, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ತಗಲಿ ರಾಜನು ತೀರಿಕೊಂಡನು. ತಾನೇ ಹಾರಿಸಿಕೊಂಡನೆಂಬುದು ಸರ್ಕಾರದ ಕಡೆಯ ಹೇಳಿಕೆ. ಸುರಪುರದ ಜನ ಅದನ್ನು ಸುಲಭವಾಗಿ ನಂಬಲಿಲ್ಲ. ಸಂಸ್ಥಾನವೇ ಅಳಿಯಿತು. 1860ರಲ್ಲಿ ಆ ಸೀಮೆ ನಿಜಾಮರ ಪಾಲಾಯಿತು.

ಅದೇ 1860ರಲ್ಲಿ ಮೈ ಸೋತ ಟೇಲರನು ಹಿಂದೂಸ್ಥಾನವನ್ನು ಬಿಟ್ಟನು. ಹುಡುಗನಾಗಿ ಬಂದವನು ಮೂವತ್ತಾರು ವರ್ಷಗಳ ಮೇಲೆ ಮುದುಕನಾಗಿ ಹೊರಟನು. ಆಮೇಲೆ ಐರ್ಲೆಂಡಿನ ಡಬ್ಲಿನ್ ಬಳಿ ನೆಲಸಿ, ದಖ್ಖಣದ ನೆನಪನ್ನೇ ಅರೆದು ಬರೆಯುತ್ತ ಹೋದನು. ತಾರಾ, ಸೀತಾ ಮೊದಲಾದ ಕಾದಂಬರಿಗಳೂ, ಚಾಂದಬೀಬಿಯ ಕಥೆಯೂ, ಹಿಂದೂಸ್ಥಾನದ ಚರಿತ್ರೆಯೂ, ಬಿಜಾಪುರದ ಕಟ್ಟಡಗಳನ್ನು ಕುರಿತ ಗ್ರಂಥಕ್ಕೆ ಬರೆದ ಇತಿಹಾಸ ಭಾಗವೂ ಆ ಕಾಲದವು. ಕಾಲಿಗೆ ಊರು ದೂರವಾಯಿತು, ಲೇಖನಿಗೆ ಹತ್ತಿರವಾಯಿತು.

ಅಷ್ಟರಲ್ಲಿ ಕಡಲ ದಾರಿ ಕುಗ್ಗುತ್ತಲೇ ಇತ್ತು. 1858ರ ಹೊತ್ತಿಗೆ ಅಲೆಗ್ಸಾಂಡ್ರಿಯದಿಂದ ಸುಯೆಜಿನವರೆಗೂ ರೈಲು ಬಂದಿತು. 1860ರ ದಶಕದ ಕೊನೆಯಲ್ಲಿ ಸಿಪಾಯಿಗಳಿಗಾಗಿಯೇ ಸೆರಾಪಿಸ್, ಮಲಬಾರ್, ಜಮುನಾ ಮೊದಲಾದ ಐದು ದೊಡ್ಡ ಹೊಗೆಹಡಗುಗಳನ್ನು ಕಟ್ಟಿ, ಈಜಿಪ್ಟಿನ ಆಚೆ ಕೆಲವು, ಈಚೆ ಕೆಲವು ಓಡಿಸಿದರು. 1869ರ ನವೆಂಬರ್ 17ರಂದು ಸುಯೆಜ್ ಕಾಲುವೆ ತೆರೆಯಿತು. 11 ಸಾವಿರ ಮೈಲಿಯ ದಾರಿ 6 ಸಾವಿರ ಚಿಲ್ಲರೆಗೆ ಇಳಿಯಿತು. ಟೇಲರನ ಕಾಲದ ಐದು ತಿಂಗಳ ದಾರಿಯನ್ನು ಸೈನ್ಯದ ಹಡಗು ಸುಮಾರು ಒಂದು ತಿಂಗಳಲ್ಲಿ ಮುಗಿಸತೊಡಗಿತು. 1870ರಲ್ಲಿ ಕಡಲಡಿಯ ತಂತಿಯೂ ಮುಂಬಯಿಗೆ ಮುಟ್ಟಿ, ವರ್ಷ ಹಿಡಿಯುತ್ತಿದ್ದ ಪ್ರಶ್ನೋತ್ತರ ಗಂಟೆಗಳ ಮಾತಾಯಿತು.

ದಾರಿ ಹತ್ತಿರವಾದುದರಿಂದ ಎಲ್ಲವೂ ಹತ್ತಿರವಾಯಿತೆಂದು ತಿಳಿಯಬಾರದು. ಹೋಗಿಬರುವುದು ಸುಲಭವಾದ ಮೇಲೆ ಬಂದ ಸಾಹೇಬರಲ್ಲಿ ಹಲವರು ನಾಲ್ಕು ವರ್ಷ ಇದ್ದು ರಜೆಗೆ ಓಡುವವರು. ತಮ್ಮವರ ನಡುವೆಯೇ ಬೇಲಿ ಕಟ್ಟಿಕೊಂಡು ಇರುವವರು. ಇಲ್ಲಿಯ ಮನೆತನಕ್ಕೆ ಅಳಿಯನಾಗಿ, ಇಲ್ಲಿಯ ಭಾಷೆಯಲ್ಲಿ ಕನಸುಕಾಣುವ ಟೇಲರನಂತಹವರು ವಿರಳರಾದರು. ಐದು ತಿಂಗಳ ಕಡಲು ಅವನನ್ನು ತಾಯಿಯಿಂದ ಅಗಲಿಸಿತು, ನಿಜ. ಆದರೆ ಅದೇ ಕಡಲು ಅವನನ್ನು ಈ ನಾಡಿನವನನ್ನಾಗಿ ಮಾಡಿತು.

ಕೊನೆಯದೊಂದು ಯಾನ ಉಳಿದಿತ್ತು. 1875ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ದಿವಾನ ಸಾಲಾರ್ ಜಂಗರ ಆಹ್ವಾನದ ಮೇಲೆ ಟೇಲರನು ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಹದಿನಾರರಲ್ಲಿ ಹಾಯಿಹಡಗು ಹತ್ತಿದವನಿಗೆ ಈಗ ಕಾಲುವೆಯ ಹೊಗೆಹಡಗಿನ ಸೌಕರ್ಯ. ಮುಂಬಯಿಯಿಂದ ಮುಂದಕ್ಕೆ ರೈಲು. ವಾಡಿಯಿಂದ ಹೈದರಾಬಾದಿಗೆ ಹಳಿ ಹಾಕಿದ್ದು ಹಿಂದಿನ ವರ್ಷ, 1874ರಲ್ಲಿ. ನಾವು ಇಂದಿಗೂ ಗಾಡಿ ಬದಲಿಸಲು ಇಳಿಯುವ ಅದೇ ವಾಡಿ. ಆದರೆ ವಿಧಿಯ ಆಟ ನೋಡಿ. ದಾರಿ ಹತ್ತಿರವಾದಾಗ ಅವನ ದೃಷ್ಟಿ ಹೋಯಿತು. ತಾನು ಇಷ್ಟು ಬರೆದ ನಾಡನ್ನು ಅವನು ಕಣ್ಣುತುಂಬ ನೋಡಲಾರದೆ ಕಿವಿಯಿಂದ ಕೇಳಿ ಹಿಂದಿರುಗಬೇಕಾಯಿತು. ಜ್ವರದಿಂದ ಬಳಲಿ ಹಿಂದಿರುಗುವಾಗ ಮನೆ ಮುಟ್ಟಲಿಲ್ಲ. ಫ್ರಾನ್ಸಿನ ಕಡಲ ದಂಡೆಯ ಮಾಂತೋನ್ ಎಂಬ ಊರಿನಲ್ಲಿ 1876ರ ಮೇ 13ರಂದು ಕೊನೆಯುಸಿರೆಳೆದನು. ಅವನ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಹೊರತಂದಳು.

ಟೇಲರನನ್ನು ದೇವರೆಂದು ಪೂಜಿಸಬೇಕಾಗಿಲ್ಲ. ಅವನು ಪರರಾಜ್ಯದ ಸೇವಕನಾಗಿದ್ದನು. ಸುರಪುರದ ನಾಯಕನ ಪಕ್ಷದಲ್ಲಿ ನಿಂತವನಲ್ಲ. ರಾಜ್ಯೋತ್ಸವದ ದೀಪವನ್ನು ಮೊದಲು ಬೆಳಗಬೇಕಾದದ್ದು ವೆಂಕಟಪ್ಪ ನಾಯಕನ ನೆನಪಿಗೆ. ಆದರೂ ಊರು ಬಿಟ್ಟು ಬಂದ ನಮಗೆ ಟೇಲರನ ಬಾಳಿನಲ್ಲಿ ಒಂದು ಮಾತು ಉಂಟು. ಬಂದ ಊರಿನ ಭಾಷೆ ಕಲಿ, ಅದರ ಕೆರೆ ರಸ್ತೆಗಳಿಗೆ ದುಡಿ, ಅದರ ಕಲ್ಲುಗಳನ್ನೂ ಪ್ರೀತಿಸು. ಹಾಗೆಂದು ಹುಟ್ಟಿದ ಮನೆಗೆ ಕಾಗದ ಬರೆಯುವುದನ್ನು ಮರೆಯಬೇಡ. ಅವನ ಕಾಗದಕ್ಕೆ ಐದು ತಿಂಗಳು ಬೇಕಾಗಿತ್ತು. ನಮ್ಮ ಮಾತು ಈಗ ಚಣಮಾತ್ರದಲ್ಲಿ ಊರು ಮುಟ್ಟುತ್ತದೆ. ಆದರೂ ಎಷ್ಟು ಮನೆಗಳಲ್ಲಿ ಅಜ್ಜಿಯ ಜೊತೆ ಮಾತಾಡಲು ಮೊಮ್ಮಕ್ಕಳಿಗೆ ಕನ್ನಡ ಬಾರದು!

1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದಿನಿಂದ ಬೇರೆಯಾಗಿ ತಾಯ್ನಾಡನ್ನು ಕೂಡಿಕೊಂಡವು. ಗಡಿ ಬೇರೆಯಾಯಿತು, ದಾರಿ ಉಳಿಯಿತು. ಈ ಸಲ ಊರಿಗೆ ಹೋದಾಗ ಯಾದಗಿರಿಯಲ್ಲಿ ಇಳಿದು, ಬಸ್ಸು ಹಿಡಿದು, ಮಕ್ಕಳನ್ನು ಸುರಪುರದ ಗುಡ್ಡಕ್ಕೆ ಕರೆದುಕೊಂಡು ಹೋಗಿ. ನಾಯಕರ ಅರಮನೆಯನ್ನೂ ಟೇಲರ್ ಮಂಜಿಲನ್ನೂ ತೋರಿಸಿ. ಒಂದರಿಂದ ಇನ್ನೊಂದಕ್ಕೆ ಇರುವ ದೂರ ಸ್ವಲ್ಪವೇ. ಆ ಎರಡು ಮನೆಗಳ ಹಿಂದಿರುವ ಕಡಲು ಎಷ್ಟು ದೊಡ್ಡದೆಂಬುದನ್ನು ಅಲ್ಲಿಯೇ ನಿಂತು ಮಕ್ಕಳಿಗೆ ಕನ್ನಡದಲ್ಲಿ ಹೇಳಿ.